ಒಂದು ಹನಿ ಸುಣ್ಣದ ತಿಳಿ: ಗಾಜಿನ ತೊಟ್ಟಿಯಲ್ಲಿ ಹವಳ ಬದುಕಿದ ಕಥೆ

ಇವತ್ತಿನ ಸಂಚಿಕೆ ಶುರುವಾಗೋದು ಒಂದು ತಪ್ಪೊಪ್ಪಿಗೆಯಿಂದ.

ನಾನು ಏಳನೇ ಕ್ಲಾಸಲ್ಲಿದ್ದಾಗ ನಮ್ಮ ಮನೆ ಟಿವಿ ಪಕ್ಕ ಒಂದು ಗಾಜಿನ ತೊಟ್ಟಿ ಇತ್ತು. ಅದರಲ್ಲಿ ನಾಲ್ಕು ಗೋಲ್ಡ್ ಫಿಶ್. ಒಂದು ಭಾನುವಾರ ಅಮ್ಮ ಊರಿಗೆ ಹೋಗಿದ್ದರು. ಅವರು ಬರೋದ್ರೊಳಗೆ ತೊಟ್ಟಿ ಫಳಫಳ ಅನ್ನಬೇಕು ಅಂತ ನನಗೆ ಹುಮ್ಮಸ್ಸು ಬಂತು. ಮೀನುಗಳನ್ನ ಬಕೆಟ್ಟಿಗೆ ಹಾಕಿದೆ. ಹಳೇ ನೀರು ಪೂರ್ತಿ ಚೆಲ್ಲಿದೆ. ಕಲ್ಲುಗಳನ್ನ ನಲ್ಲಿ ಕೆಳಗೆ ಉಜ್ಜಿ ತೊಳೆದು ಬಿಸಿಲಲ್ಲಿ ಒಣಗಿಸಿದೆ. ಫಿಲ್ಟರಿನ ಸ್ಪಂಜನ್ನ ಕೊಳೆ ಹೋಗೋವರೆಗೂ ಹಿಂಡಿದೆ. ಹೊಸ ನೀರು ತುಂಬಿ, ಮೀನು ಬಿಟ್ಟು, ಲೈಟ್ ಹಾಕಿ ನೋಡಿದ್ರೆ ಅಂಗಡಿಯಲ್ಲಿ ಇಟ್ಟ ಹಾಗಿತ್ತು. ಗುರುವಾರದ ಹೊತ್ತಿಗೆ ನಾಲ್ಕೂ ಸತ್ತುಹೋಗಿದ್ದವು.

ಅಮ್ಮ ಬೈಯಲಿಲ್ಲ. "ಇಷ್ಟು ಚೊಕ್ಕ ಮಾಡಿದ್ದೀಯ, ಆದ್ರೂ ಯಾಕೆ ಸತ್ತವು?" ಅಂತ ಕೇಳಿದ್ರು, ಅಷ್ಟೆ. ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಬಹಳ ವರ್ಷ ಆದ ಮೇಲೆ. ಅದೂ ಗೋಲ್ಡ್ ಫಿಶ್ ಬಗ್ಗೆ ಓದುವಾಗ ಅಲ್ಲ, ಹವಳ ಸಾಕಿದವರ ಇತಿಹಾಸ ಓದುವಾಗ. ಸಮುದ್ರದ ಹವಳವನ್ನ ಗಾಜಿನ ತೊಟ್ಟಿಯಲ್ಲಿ ಬದುಕಿಸೋದು ಹೇಗೆ ಅಂತ ಮನುಷ್ಯರು ಸುಮಾರು 170 ವರ್ಷ ತಲೆ ಕೆಡಿಸಿಕೊಂಡಿದ್ದಾರೆ. ಕೊನೆಗೆ ಅವರು ಕಲಿತದ್ದನ್ನ ಒಂದೇ ಸಾಲಲ್ಲಿ ಹೇಳಬಹುದು: ನೀರು ಎಷ್ಟು ಚೊಕ್ಕ ಅನ್ನೋದಕ್ಕಿಂತ, ನೀರು ಎಷ್ಟು ನಿಧಾನಕ್ಕೆ ಬದಲಾಗುತ್ತೆ ಅನ್ನೋದು ಮುಖ್ಯ. ಈ ಸಾಲಿನ ಬೆಲೆ ಏನು ಅಂತ ತಿಳಿಯೋಕೆ ಕಥೆ ಪೂರ್ತಿ ಕೇಳಬೇಕು.

ಹವಳ ಅಂದ ತಕ್ಷಣ ನಮಗೆ ನೆನಪಾಗೋದು ಸರದಲ್ಲಿ ಪೋಣಿಸಿದ ಕೆಂಪು ಮಣಿ, ಉಂಗುರದ ಹರಳು. ಅದು ಮೆಡಿಟರೇನಿಯನ್ ಕಡೆಯ ಕೆಂಪು ಹವಳದ ಅಸ್ಥಿ. ಆದ್ರೆ ಹವಳ ಕಲ್ಲಲ್ಲ, ಗಿಡವೂ ಅಲ್ಲ. ಅದು ಪ್ರಾಣಿ. ಒಂದು ಮೆದು ದೇಹ, ಬಾಯಿ, ಸುತ್ತ ಎಳೆ ಎಳೆ ಬೆರಳುಗಳು. ಹವಳದ ದಿಬ್ಬ ಕಟ್ಟುವ ಜಾತಿಗಳು ಕೂತ ಜಾಗದಲ್ಲೇ ಕೂತು, ಸಮುದ್ರದ ನೀರಿನಿಂದ ಸುಣ್ಣ ಹೀರಿ, ತಮ್ಮ ಕೆಳಗೆ ತಾವೇ ಕಲ್ಲಿನ ಮನೆ ಕಟ್ಟಿಕೊಳ್ಳುತ್ತವೆ. ತಲೆಮಾರಿನ ಮೇಲೆ ತಲೆಮಾರು ಹಾಗೆ ಕಟ್ಟಿದ್ದೇ ಹವಳದ ದಿಬ್ಬ. ಮೀನಿಗೆ ನೀರು ಗಾಳಿಯ ಹಾಗೆ. ಹವಳಕ್ಕೆ ನೀರು ಗಾಳಿಯೂ ಹೌದು, ಸಿಮೆಂಟು ಗೋದಾಮೂ ಹೌದು.

ಈಗ 1846ರ ಲಂಡನ್‌ಗೆ ಹೋಗೋಣ.

ಆನಾ ಥಿನ್ ಅಂತ ಒಬ್ಬ ಹೆಣ್ಣುಮಗಳು. ಗಂಡ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಪಾದ್ರಿ. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಟೋರ್ಕಿ ಅನ್ನೋ ಊರಿಗೆ ಹೋದಾಗ, ಬಂಡೆಗೆ ಅಂಟಿಕೊಂಡ ಸಣ್ಣ ಬಟ್ಟಲಿನಂಥ ಹವಳಗಳನ್ನ ನೋಡಿ ಮರುಳಾದಳು. ಇವು ಉಷ್ಣವಲಯದ ಬಣ್ಣಬಣ್ಣದ ಹವಳಗಳಲ್ಲ, ತಣ್ಣೀರಿನ ಒಂಟಿ ಹವಳಗಳು. ಅವನ್ನ ಸ್ಪಂಜಿಗೆ ಸೂಜಿ ದಾರದಿಂದ ಹೊಲಿದು, ಸಮುದ್ರದ ನೀರು ತುಂಬಿದ ಜಾಡಿಯಲ್ಲಿಟ್ಟು ಲಂಡನ್ನಿಗೆ ತಂದಳು. ದಾರಿಯಲ್ಲಿ ಉರುಳಾಡಬಾರದಲ್ಲ, ಅದಕ್ಕೆ ಹೊಲಿಗೆ.

ಲಂಡನ್ನಲ್ಲಿ ಸಮುದ್ರ ಎಲ್ಲಿದೆ? ಕರಾವಳಿಯಿಂದ ನೀರು ತರಿಸಬೇಕು, ಅದು ದುಬಾರಿ. ಆದ್ದರಿಂದ ಇದ್ದ ನೀರನ್ನೇ ಮತ್ತೆ ಮತ್ತೆ ಬಳಸೋ ಉಪಾಯ ಹುಡುಕಿದಳು. ಮನೆಗೆಲಸದ ಹುಡುಗಿಯೊಬ್ಬಳು ತೆರೆದ ಕಿಟಕಿ ಎದುರು ನಿಂತು, ಆ ನೀರನ್ನ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯೋದು. ನಮ್ಮಲ್ಲಿ ಕಾಫಿ ಟೀ ಆರಿಸೋಕೆ ಎರಡು ಲೋಟದ ನಡುವೆ ಎತ್ತಿ ಸುರಿತೀವಲ್ಲ, ಹಾಗೆ. ಅರ್ಧ ಗಂಟೆ, ಮುಕ್ಕಾಲು ಗಂಟೆ. ನೀರಿಗೆ ಗಾಳಿ ಬೆರೆಯುತ್ತಿತ್ತು. ಮುಂದಿನ ವರ್ಷ ತೊಟ್ಟಿಗೆ ಸಮುದ್ರದ ಪಾಚಿಯನ್ನೂ ಹಾಕಿದಳು. ಹವಳಗಳು ಸುಮಾರು ಮೂರು ವರ್ಷ ಬದುಕಿದವು. ಇವತ್ತು ಸಾವಿರಾರು ರೂಪಾಯಿಯ ಮೋಟರು ಮಾಡೋ ಕೆಲಸ ಅವತ್ತು ಆ ಹುಡುಗಿಯ ತೋಳು ಮಾಡಿದ್ದು. ಇತಿಹಾಸದ ಪುಸ್ತಕದಲ್ಲಿ ಆನಾ ಥಿನ್ ಹೆಸರಿದೆ. ಆ ಹುಡುಗಿ ಮಾತ್ರ ಬರೀ "ಮನೆಗೆಲಸದ ಹುಡುಗಿ".

ಅದೇ ಸಮಯದಲ್ಲಿ ರಾಬರ್ಟ್ ವಾರಿಂಗ್ಟನ್ ಅನ್ನೋ ಲಂಡನ್ನಿನ ರಸಾಯನಶಾಸ್ತ್ರಜ್ಞ, ಸಿಹಿನೀರಿನ ತೊಟ್ಟಿಯಲ್ಲಿ ಮೀನು, ಜಲಸಸ್ಯ, ಬಸವನಹುಳು ಮೂರನ್ನೂ ಒಟ್ಟಿಗೆ ಇಟ್ಟು ನೋಡಿದ. 1850ರಲ್ಲಿ ಅದರ ವರದಿ ಬರೆದ. ಮೀನು ಬಿಟ್ಟದ್ದು ಗಿಡಕ್ಕೆ, ಗಿಡ ಬಿಟ್ಟದ್ದು ಮೀನಿಗೆ, ಕೊಳೆತದ್ದು ಹುಳುವಿಗೆ. ಲೆಕ್ಕ ಸರಿಹೋದರೆ ನೀರು ಬದಲಿಸೋದೇ ಬೇಡ ಅನ್ನೋದು ಅವನ ವಾದ. ತೊಟ್ಟಿ ಅನ್ನೋದು ಪಾತ್ರೆ ಅಲ್ಲ, ಒಂದು ಸಮತೋಲನ ಅಂತ ಮೊದಲು ಹೇಳಿದವರಲ್ಲಿ ಅವನೊಬ್ಬ.

1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕ ಅಕ್ವೇರಿಯಂ ತೆರೆಯಿತು. ಅದರ ಹಿಂದಿದ್ದವರಲ್ಲಿ ಫಿಲಿಪ್ ಹೆನ್ರಿ ಗಾಸ್ ಪ್ರಮುಖ. ಮರುವರ್ಷ ಅವನ ಅಕ್ವೇರಿಯಂ ಪುಸ್ತಕ ಬಂತು, ಇಡೀ ಬ್ರಿಟನ್ನಿಗೆ ತೊಟ್ಟಿಯ ಹುಚ್ಚು ಹಿಡೀತು. ಸಮುದ್ರದಿಂದ ದೂರ ಇರೋರು ಏನು ಮಾಡಬೇಕು? ಗಾಸ್ ಮನೆಯಲ್ಲೇ ಸಮುದ್ರದ ನೀರು ತಯಾರಿಸೋ ರೆಸಿಪಿ ಕೊಟ್ಟ. ಅಡುಗೆ ಉಪ್ಪು, ಎಪ್ಸಂ ಉಪ್ಪು, ಮೆಗ್ನೀಸಿಯಂ ಕ್ಲೋರೈಡ್, ಪೊಟ್ಯಾಸಿಯಂ ಕ್ಲೋರೈಡ್. ನಾಲ್ಕೇ ಸಾಮಾನು.

ಪಟ್ಟಿಯನ್ನ ಇನ್ನೊಂದ್ಸಲ ಕೇಳಿಸಿಕೊಳ್ಳಿ. ಏನು ಬಿಟ್ಟುಹೋಗಿದೆ? ಸುಣ್ಣ. ಕ್ಯಾಲ್ಸಿಯಂ. ಸಮುದ್ರದ ಒಂದು ಲೀಟರ್ ನೀರಲ್ಲಿ ಎಲ್ಲಾ ಉಪ್ಪು ಸೇರಿ ಸುಮಾರು 35 ಗ್ರಾಂ. ಅದರಲ್ಲಿ ಕ್ಯಾಲ್ಸಿಯಂ ಅರ್ಧ ಗ್ರಾಂ ಕೂಡ ಇಲ್ಲ. ಹಾಗಾಗಿ ಗಾಸ್ ಸುಣ್ಣದ ಲವಣಗಳನ್ನ ಕೈಬಿಟ್ಟ. ಕಡಲ ಹೂ ಅನ್ನಿಸಿಕೊಳ್ಳೋ ಅನಿಮೋನ್‌ಗಳಂಥ ಮೆದು ಜೀವಿಗಳಿಗೆ ಹೇಗೋ ನಡೆದುಹೋಯ್ತು. ಆದ್ರೆ ಮನೆ ಕಟ್ಟೋ ಹವಳಕ್ಕೆ? ಸಿಮೆಂಟೇ ಇಲ್ಲದ ಅಂಗಡಿ ತೋರಿಸಿದ ಹಾಗಾಯ್ತು.

ಹುಚ್ಚು ಬೇಗ ಇಳೀತು. ಮನೆಮನೆಯ ತೊಟ್ಟಿಗಳು ನಾತ ಹಿಡಿದವು, ಜೀವಿಗಳು ಸತ್ತವು. ಯಾಕೆ ಅನ್ನೋದರ ಒಂದು ಭಾಗ 1890ರ ಹೊತ್ತಿಗೆ ಗೊತ್ತಾಯ್ತು. ರಷ್ಯಾದ ವಿಜ್ಞಾನಿ ಸೆರ್ಗೈ ವಿನೊಗ್ರಾಡ್‌ಸ್ಕಿ, ಅಮೋನಿಯಾವನ್ನ ನೈಟ್ರೈಟ್ ಮಾಡಿ, ನೈಟ್ರೈಟನ್ನ ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾಗಳನ್ನ ಬೇರ್ಪಡಿಸಿ ತೋರಿಸಿದ. ಮೀನಿನ ಹೊಲಸಿನಿಂದ ಬರೋ ಅಮೋನಿಯಾ ವಿಷ. ಈ ಬ್ಯಾಕ್ಟೀರಿಯಾಗಳು ಕಲ್ಲಿನ ಮೇಲೆ, ಮರಳಲ್ಲಿ, ಸ್ಪಂಜಿನ ಸಂದಿಯಲ್ಲಿ ಕೂತು, ಆ ವಿಷವನ್ನ ಅಷ್ಟೇನೂ ಅಪಾಯ ಇಲ್ಲದ ರೂಪಕ್ಕೆ ತರುತ್ತವೆ.

ಇಲ್ಲಿ ನನಗೆ ಅಮ್ಮನ ಪ್ರಶ್ನೆಗೆ ಉತ್ತರ ಸಿಕ್ತು. ಅವತ್ತು ನಾನು "ಕೊಳೆ" ಅಂತ ಉಜ್ಜಿ ತೆಗೆದದ್ದು, ಬಿಸಿಲಿಗೆ ಒಣಗಿಸಿದ್ದು ಆ ಬ್ಯಾಕ್ಟೀರಿಯಾಗಳನ್ನೇ. ತೊಟ್ಟಿ ಹೊಳೀತಿತ್ತು. ಆದ್ರೆ ಅದರಲ್ಲಿ ಕೆಲಸ ಮಾಡೋರು ಯಾರೂ ಉಳಿದಿರಲಿಲ್ಲ.

ಇನ್ನೊಂದು ಕಡೆ, ಸಮುದ್ರದ ನೀರು ನಿಜಕ್ಕೂ ಏನು ಅನ್ನೋ ಪ್ರಶ್ನೆ ಹಡಗು ಹತ್ತಿತ್ತು. ಬ್ರಿಟನ್ನಿನ ಚಾಲೆಂಜರ್ ಹಡಗು 1872ರಿಂದ 1876ರವರೆಗೆ ಜಗತ್ತಿನ ಸಮುದ್ರಗಳನ್ನ ಸುತ್ತಿ ನೀರಿನ ಮಾದರಿ ತಂತು. ವಿಲಿಯಂ ಡಿಟ್ಮಾರ್ ಅನ್ನೋ ರಸಾಯನಶಾಸ್ತ್ರಜ್ಞ ಅದರಲ್ಲಿ 77 ಮಾದರಿಗಳನ್ನ ಕೂತು ವಿಶ್ಲೇಷಿಸಿ, 1884ರಲ್ಲಿ ಫಲಿತಾಂಶ ಪ್ರಕಟಿಸಿದ. ಒಂದು ಕಡೆ ಉಪ್ಪು ಸ್ವಲ್ಪ ಜಾಸ್ತಿ, ಇನ್ನೊಂದು ಕಡೆ ಸ್ವಲ್ಪ ಕಡಿಮೆ ಇರಬಹುದು. ಆದ್ರೆ ಮುಖ್ಯ ಲವಣಗಳ ಪರಸ್ಪರ ಅನುಪಾತ ಹೆಚ್ಚುಕಮ್ಮಿ ಎಲ್ಲಾ ಕಡೆ ಒಂದೇ. ಅಟ್ಲಾಂಟಿಕ್ ಆದ್ರೂ ಅಷ್ಟೆ, ಪೆಸಿಫಿಕ್ ಆದ್ರೂ ಅಷ್ಟೆ.

ಈ ಮಾತಿನ ತೂಕ ನೋಡಿ. ಹವಳಗಳ ಪೂರ್ವಜರು ಕೋಟಿಗಟ್ಟಲೆ ವರ್ಷ ಬೆಳೆದದ್ದು ಇಂಥ ಮನೆಯಲ್ಲಿ. ಮಳೆ ಬಂದ್ರೂ, ಬಿಸಿಲು ಹೊಡೆದ್ರೂ, ಅಷ್ಟು ದೊಡ್ಡ ನೀರಿನ ರಾಶಿ ಒಂದೇ ರಾತ್ರಿಯಲ್ಲಿ ಬದಲಾಗಲ್ಲ. ಕಾಡಿನ ಜಿಂಕೆಗೆ ಹವಾಮಾನದ ಏರಿಳಿತ ಗೊತ್ತು, ಓಡಿಹೋಗೋಕೆ ಕಾಲಿದೆ. ಹವಳಕ್ಕೆ ಕಾಲಿಲ್ಲ. ಅದು ಸಮುದ್ರದ ನಿಧಾನವನ್ನೇ ನಂಬಿ ಬದುಕೋ ಪ್ರಾಣಿ. ನೂರು ಲೀಟರಿನ ತೊಟ್ಟಿಗೆ ಆ ನಿಧಾನ ಇರಲ್ಲ. ಒಂದು ದಿನ ಫ್ಯಾನ್ ಜೋರಾಗಿ ಬೀಸಿದರೆ ನೀರು ಆವಿಯಾಗಿ ಉಪ್ಪು ಏರುತ್ತೆ. ಒಂದು ಮೀನು ಸತ್ತು ಬಂಡೆ ಹಿಂದೆ ಕೊಳೆತರೆ ಇಡೀ ತೊಟ್ಟಿ ಕೆಡುತ್ತೆ.

ಹಾಗಾದ್ರೆ ಹವಳ ದಿನಾ ನೀರಿನಿಂದ ಏನು ತಗೊಳ್ಳುತ್ತೆ? 1959ರಲ್ಲಿ ಥಾಮಸ್ ಗೊರೊ ಅನ್ನೋ ವಿಜ್ಞಾನಿ, ಜಮೈಕಾದಲ್ಲಿ, ವಿಕಿರಣಶೀಲ ಕ್ಯಾಲ್ಸಿಯಂ ಬಳಸಿ ಹವಳದ ಅಸ್ಥಿ ಬೆಳೆಯೋ ವೇಗ ಅಳೆದ ಕೆಲಸವನ್ನ ಪ್ರಕಟಿಸಿದ. ಕತ್ತಲಿಗಿಂತ ಬೆಳಕಲ್ಲಿ ಹವಳ ಬೇಗ ಬೆಳೆಯುತ್ತೆ ಅಂತ ಗೊತ್ತಾಯ್ತು. ದಿಬ್ಬ ಕಟ್ಟುವ ಹವಳದ ಮೈಯೊಳಗೆ ಅತಿ ಸಣ್ಣ ಪಾಚಿಗಳು ಬಾಡಿಗೆಗಿವೆ. ಅವು ಹಗಲಲ್ಲಿ ಬೆಳಕಿನಿಂದ ಆಹಾರ ಮಾಡಿ ಹವಳಕ್ಕೂ ಕೊಡುತ್ತವೆ. ಆ ಶಕ್ತಿಯಲ್ಲಿ ಹವಳ ಕಲ್ಲು ಕಟ್ಟುತ್ತೆ.

ಕಲ್ಲು ಅಂದ್ರೆ ಕ್ಯಾಲ್ಸಿಯಂ ಕಾರ್ಬೊನೇಟ್. ಅಂದ್ರೆ ಎರಡು ಸಾಮಾನು ಬೇಕು: ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್. ಈ ಎರಡನೆಯದನ್ನ ತೊಟ್ಟಿ ಸಾಕೋರು ಅಳೆಯೋದು "ಆಲ್ಕಲಿನಿಟಿ" ಅನ್ನೋ ಲೆಕ್ಕದಲ್ಲಿ. ಅಂದ್ರೆ, ಹುಳಿಯನ್ನ ತಡೆದುಕೊಳ್ಳೋ ನೀರಿನ ಶಕ್ತಿ. ಇವತ್ತಿಗೂ ಹೆಚ್ಚಿನ ಹವ್ಯಾಸಿಗಳು ಇದನ್ನ "ಜರ್ಮನ್ ಡಿಗ್ರಿ"ಯಲ್ಲೇ ಹೇಳ್ತಾರೆ. ಸಮುದ್ರದಲ್ಲಿ ಅದು ಸುಮಾರು 7 ಡಿಗ್ರಿ, ಕ್ಯಾಲ್ಸಿಯಂ ಲೀಟರಿಗೆ ಸುಮಾರು 420 ಮಿಲಿಗ್ರಾಂ.

ಅಡುಗೆಮನೆಯಲ್ಲಿ ಎರಡು ಡಬ್ಬ ಇದೆ ಅಂದ್ಕೊಳ್ಳಿ. ದೊಡ್ಡದರಲ್ಲಿ ಅಕ್ಕಿ, ಸಣ್ಣದರಲ್ಲಿ ಉದ್ದಿನಬೇಳೆ. ದಿನಾ ಇಡ್ಲಿ ಮಾಡ್ತೀರ, ಅಳತೆ ದಿನಾ ಒಂದೇ. ಯಾವ ಡಬ್ಬ ಮೊದಲು ತಳ ಕಾಣುತ್ತೆ? ಹವಳದ ಲೆಕ್ಕವೂ ಹೀಗೇ. ಹವಳಗಳು ಲೀಟರಿಗೆ 20 ಮಿಲಿಗ್ರಾಂ ಕ್ಯಾಲ್ಸಿಯಂ ತಗೊಂಡಾಗ, ಜೊತೆಗೆ 2.8 ಡಿಗ್ರಿ ಆಲ್ಕಲಿನಿಟಿಯೂ ಹೋಗುತ್ತೆ. ಕ್ಯಾಲ್ಸಿಯಂ 420ರಿಂದ 400ಕ್ಕೆ ಬಂದ್ರೆ ಗೊತ್ತೂ ಆಗಲ್ಲ, ಶೇಕಡ 5 ಅಷ್ಟೆ. ಆದ್ರೆ ಆಲ್ಕಲಿನಿಟಿ 7ರಿಂದ 4.2ಕ್ಕೆ ಬಿತ್ತು, ಶೇಕಡ 40! ಹವಳ ಚೆನ್ನಾಗಿ ಬೆಳೆದಷ್ಟೂ ತನ್ನ ನೀರನ್ನ ತಾನೇ ಬೇಗ ಖಾಲಿ ಮಾಡುತ್ತೆ. ದಶಕಗಟ್ಟಲೆ ಎಷ್ಟೋ ಜನಕ್ಕೆ ಹವಳ ಸ್ವಲ್ಪ ದಿನ ಚೆನ್ನಾಗಿದ್ದು ಆಮೇಲೆ ಸೊರಗೋದು ಯಾಕೆ ಅಂತ ಅರ್ಥ ಆಗದೇ ಇದ್ದದ್ದಕ್ಕೆ ಇದೂ ಒಂದು ಕಾರಣ.

ತೊಟ್ಟಿಯ ಹವಳಕ್ಕೆ ದಾರಿ ತೋರಿಸಿದ ಒಬ್ಬ ಹವ್ಯಾಸಿ ಇದ್ದದ್ದು ಏಷ್ಯಾದಲ್ಲೇ. ಇಂಡೋನೇಷ್ಯಾದ ಲೀ ಚಿನ್ ಎಂಗ್. 1961ರಲ್ಲಿ ಅಮೆರಿಕದ ಮೀನು ಸಾಕಣೆ ಪತ್ರಿಕೆಯೊಂದರಲ್ಲಿ ಅವರ ಲೇಖನ ಬಂತು. ಅವರ ತೊಟ್ಟಿಯಲ್ಲಿ ದೊಡ್ಡ ಯಂತ್ರ ಏನೂ ಇರಲಿಲ್ಲ. ಸಮುದ್ರದ ನೀರು, ಸೂರ್ಯನ ಬೆಳಕು, ಗಾಳಿಗುಳ್ಳೆ, ಮತ್ತು ಸಮುದ್ರದಿಂದ ತಂದ "ಜೀವಂತ ಕಲ್ಲು". ಕಲ್ಲಿಗೆ ಜೀವ ಇಲ್ಲ, ನಿಜ. ಆದ್ರೆ ಅದರ ತೂತು ತೂತಿನಲ್ಲೂ ಬ್ಯಾಕ್ಟೀರಿಯಾ, ಹುಳು, ಪಾಚಿ. ನಾನು ಏಳನೇ ಕ್ಲಾಸಲ್ಲಿ ತೊಳೆದು ಬಿಸಾಡಿದ್ದನ್ನೇ ಅವರು ಜೋಪಾನವಾಗಿ ಒಳಗೆ ತಂದಿದ್ದರು.

ಆಮೇಲಿನ ದೊಡ್ಡ ಹೆಜ್ಜೆ ಜರ್ಮನ್ ಮಾತಾಡೋ ನಾಡಿನಲ್ಲಿ. ಸಮುದ್ರದಿಂದ ದೂರದ ಬರ್ಲಿನ್‌ನಲ್ಲಿ ಹವ್ಯಾಸಿಗಳ ಗುಂಪೊಂದು 1970, 80ರ ದಶಕಗಳಲ್ಲಿ ಒಂದು ಪದ್ಧತಿ ಕಟ್ಟಿತು. ಅದಕ್ಕೆ ಬರ್ಲಿನ್ ವಿಧಾನ ಅಂತಲೇ ಹೆಸರಾಯ್ತು. ಜೀವಂತ ಕಲ್ಲು, ಪ್ರಖರ ಬೆಳಕು, ಜೊತೆಗೆ ಪ್ರೋಟೀನ್ ಸ್ಕಿಮ್ಮರ್ ಅನ್ನೋ ಯಂತ್ರ. ಬೇಳೆ ಬೇಯುವಾಗ ಮೇಲೆ ಬರೋ ನೊರೇನ ಸೌಟಲ್ಲಿ ತೆಗೀತೀವಲ್ಲ, ಸ್ಕಿಮ್ಮರ್ ಅದೇ ಕೆಲಸ ಮಾಡೋದು. ಸಣ್ಣ ಗುಳ್ಳೆಗಳನ್ನ ಎಬ್ಬಿಸಿ, ನೀರಿನ ಹೊಲಸನ್ನ ಕೊಳೆಯೋ ಮುಂಚೆಯೇ ನೊರೆಯಾಗಿ ಹೊರಗೆ ಹಾಕುತ್ತೆ.

ಆದ್ರೆ ಸಣ್ಣ ಡಬ್ಬದ ಸಮಸ್ಯೆ? ಅದಕ್ಕೆ ಪೀಟರ್ ವಿಲ್ಕೆನ್ಸ್ ಅನ್ನೋ ಹವಳತಜ್ಞ 1970ರ ದಶಕದಲ್ಲಿ ತನ್ನ ಬರಹಗಳಲ್ಲಿ ಒಂದು ಮದ್ದು ಹೇಳಿದ್ದ. ಜರ್ಮನ್ ಭಾಷೆಯಲ್ಲಿ ಅದರ ಹೆಸರು "ಕಾಲ್ಕ್‌ವಾಸರ್". ಅರ್ಥ ನೋಡಿದಾಗ ನಾನು ನಕ್ಕುಬಿಟ್ಟೆ. ಕಾಲ್ಕ್ ಅಂದ್ರೆ ಸುಣ್ಣ, ವಾಸರ್ ಅಂದ್ರೆ ನೀರು. ಸುಣ್ಣದ ತಿಳಿನೀರು!

ನಮ್ಮಜ್ಜಿಯ ಎಲೆಅಡಿಕೆ ತಟ್ಟೆಯಲ್ಲಿ ಒಂದು ಸಣ್ಣ ಸುಣ್ಣದ ಡಬ್ಬಿ ಇರ್ತಿತ್ತು. ಒಣಗಬಾರದು ಅಂತ ಅಜ್ಜಿ ಆಗಾಗ ಎರಡು ಹನಿ ನೀರು ಬಿಡ್ತಿದ್ದಳು. ಸುಣ್ಣ ಕೆಳಗೆ ಕೂತು, ಮೇಲೆ ತಿಳಿ ನಿಲ್ತಿತ್ತು. ಕಾಲ್ಕ್‌ವಾಸರ್ ಅಂದ್ರೆ ಅದೇ. ಹೈಸ್ಕೂಲಲ್ಲಿ ಪ್ರಯೋಗ ಮಾಡಿದ್ದು ನೆನಪಿದೆಯಾ? ಸುಣ್ಣದ ತಿಳಿನೀರಿಗೆ ನಳಿಕೆಯಲ್ಲಿ ಉಸಿರು ಊದಿದರೆ ಹಾಲಿನ ಹಾಗೆ ಬೆಳ್ಳಗಾಗುತ್ತೆ. ಉಸಿರಿನ ಕಾರ್ಬನ್ ಡೈ ಆಕ್ಸೈಡ್ ಸುಣ್ಣದ ಜೊತೆ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತೆ. ಹವಳ ಕಟ್ಟೋದೂ ಅದೇ ವಸ್ತುವನ್ನ!

ತೊಟ್ಟಿಗೆ ಈ ತಿಳಿನೀರನ್ನ ಹನಿ ಹನಿಯಾಗಿ ಬಿಟ್ಟರೆ ಒಂದೇ ಏಟಿಗೆ ಮೂರು ಕೆಲಸ ಆಗುತ್ತೆ. ಕ್ಯಾಲ್ಸಿಯಂ ಬರುತ್ತೆ. ಅದರ ಕ್ಷಾರ ನೀರಿನ ಕಾರ್ಬನ್ ಡೈ ಆಕ್ಸೈಡನ್ನ ಹಿಡಿದು ಆಲ್ಕಲಿನಿಟಿ ತುಂಬುತ್ತೆ. ಎರಡೂ ಹವಳ ತಗೊಳ್ಳೋ ಅನುಪಾತದಲ್ಲೇ ಇರುತ್ತವೆ, ಎರಡು ಡಬ್ಬವೂ ಒಟ್ಟಿಗೆ ತುಂಬಿದ ಹಾಗೆ. ಇನ್ನು ಮೂರನೆಯದು: ರಾತ್ರಿ ಬೆಳಕಿಲ್ಲದಾಗ ಎಲ್ಲಾ ಜೀವಿಗಳೂ ಉಸಿರಾಡಿ ನೀರಿನ ಪಿಎಚ್ ಇಳಿಯುತ್ತೆ. ರಾತ್ರಿ ಹನಿ ಬಿಟ್ಟರೆ ಆ ಇಳಿತಕ್ಕೂ ಸ್ವಲ್ಪ ತಡೆ. ಬರ್ಲಿನ್ನಿನ ಡೀಟ್ರಿಶ್ ಸ್ಟ್ಯೂಬರ್ ತೊಟ್ಟಿಯಲ್ಲಿ, ಬೆಳೆಸೋಕೆ ಬಹಳ ಕಷ್ಟ ಅಂತಿದ್ದ ಕೊಂಬೆ ಹವಳ ಬೆಳೆದು, ಅದರ ತುಂಡುಗಳು ಕೈಯಿಂದ ಕೈಗೆ ಎಷ್ಟೋ ಹವ್ಯಾಸಿಗಳ ಮನೆ ಸೇರಿದವು. ನಮ್ಮಲ್ಲಿ ದಾಸವಾಳದ ಕಡ್ಡಿ ಪಕ್ಕದ ಮನೆಗೆ ಹೋಗೋ ಹಾಗೆ.

ಆದ್ರೆ ಗಮನಿಸಿ, ನಾನು ಹೇಳಿದ್ದು "ಹನಿ ಹನಿ". ಸುಣ್ಣದ ತಿಳಿಯ ಪಿಎಚ್ 12ಕ್ಕಿಂತ ಮೇಲೆ. ಬಕೆಟ್ಟಲ್ಲಿ ಒಮ್ಮೆಲೇ ಸುರಿದ್ರೆ ತೊಟ್ಟಿಯಲ್ಲಿ ಹಿಮ ಬಿದ್ದ ಹಾಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಉದುರಿ ಹೋಗುತ್ತೆ, ಇದ್ದ ಆಲ್ಕಲಿನಿಟಿಯನ್ನೂ ಜೊತೆಗೆ ಎಳೆದುಕೊಂಡು. ಜೀವಿಗಳು ಸುಟ್ಟುಹೋಗುತ್ತವೆ. ಒಂದು ಲೀಟರ್ ನೀರಲ್ಲಿ ಕರಗೋದೂ ಸುಮಾರು ಒಂದೂವರೆ ಗ್ರಾಂ ಸುಣ್ಣ ಮಾತ್ರ. ಅದನ್ನೂ ತೊಟ್ಟಿಯಿಂದ ಆವಿಯಾಗಿ ಹೋದ ನೀರಿನ ಜಾಗಕ್ಕಷ್ಟೇ ಸೇರಿಸಬಹುದು. ಹವಳ ಜಾಸ್ತಿ ಬೆಳೆದರೆ ಅದು ಸಾಲದು. ಅದಕ್ಕೆ 1990ರ ದಶಕದಲ್ಲಿ ಬೇರೆ ದಾರಿಗಳು ಬಂದವು. ಡ್ಯುಸೆಲ್‌ಡಾರ್ಫ್‌ನ ಸಂಗ್ರಹಾಲಯದಲ್ಲಿ ಕೆಲಸ ಮಾಡ್ತಿದ್ದ ರಾಲ್ಫ್ ಹೆಬಿಂಗ್‌ಹೌಸ್ ಕ್ಯಾಲ್ಸಿಯಂ ರಿಯಾಕ್ಟರ್ ಅನ್ನೋ ಉಪಕರಣದ ಬಗ್ಗೆ ಬರೆದ. ಸುಣ್ಣಕಲ್ಲಿನ ಅಥವಾ ಸತ್ತ ಹವಳದ ಚೂರುಗಳ ಮೇಲೆ ಕಾರ್ಬನ್ ಡೈ ಆಕ್ಸೈಡ್ ಬೆರೆಸಿದ ನೀರು ಹಾಯಿಸಿ ಅವನ್ನ ಕರಗಿಸೋದು, ಆ ಕರಗಿದ್ದನ್ನ ಜೀವಂತ ಹವಳಕ್ಕೆ ಕೊಡೋದು. ಸತ್ತವರ ಅಸ್ಥಿಯಿಂದ ಬದುಕಿರೋರಿಗೆ ಮನೆ. ಹಾನ್ಸ್ ವೆರ್ನರ್ ಬಾಲಿಂಗ್ ಎಂಬಾತ ಕ್ಯಾಲ್ಸಿಯಂ ಕ್ಲೋರೈಡ್ ಮತ್ತು ಅಡುಗೆ ಸೋಡಾವನ್ನ ಬೇರೆ ಬೇರೆ ದ್ರಾವಣ ಮಾಡಿ ದಿನಾ ಅಳತೆಯಲ್ಲಿ ಹಾಕೋ ವಿಧಾನ ಕೊಟ್ಟ. ಇವತ್ತು ಈ ಕೆಲಸ ಮಾಡೋ ಸಣ್ಣ ಪಂಪುಗಳು ಫೋನಿನ ಆಪ್‌ನಿಂದ ನಡೀತವೆ.

ಇಲ್ಲೊಂದು ಗುಂಡಿ ಇದೆ, ಬಹಳ ಜನ ಬಿದ್ದಿದ್ದಾರೆ. ಅಳೆಯೋಕೆ ಕಲಿತ ಮೇಲೆ ನಂಬರಿನ ಹುಚ್ಚು ಹಿಡಿಯುತ್ತೆ. ಇವತ್ತು ಆಲ್ಕಲಿನಿಟಿ 7, ಯಾರೋ 9 ಇರಬೇಕು ಅಂದ್ರು, ರಾತ್ರೋರಾತ್ರಿ 9 ಮಾಡೋದು. ಬೆಳಿಗ್ಗೆ ಹವಳದ ತುದಿಗಳು ಸುಟ್ಟ ಹಾಗೆ ಬೆಳ್ಳಗಾಗಿರುತ್ತವೆ. 1995ರಲ್ಲಿ ಹವಾಯಿಯ ವೈಕೀಕಿ ಅಕ್ವೇರಿಯಂನಿಂದ ಬಂದ ಒಂದು ಪ್ರಬಂಧ ಈ ಹುಚ್ಚಿಗೆ ಒಳ್ಳೇ ಉತ್ತರ. ಅಲ್ಲಿನ ನೀರಿನ ಪಿಎಚ್ ಹವಳದ ದಿಬ್ಬದ ನೀರಿಗಿಂತ ಕಡಿಮೆ, ಪೋಷಕಾಂಶ ಜಾಸ್ತಿ. ಪುಸ್ತಕದ ಪ್ರಕಾರ "ತಪ್ಪು" ನೀರು. ಆದ್ರೂ ಅದರಲ್ಲಿ 50ಕ್ಕೂ ಹೆಚ್ಚು ಜಾತಿಯ ಹವಳ ಬದುಕಿ ಬೆಳೆದಿದ್ದವು. ನಂಬರು ಅಷ್ಟು ಸುಂದರವಾಗಿಲ್ಲದಿದ್ದರೂ ಹವಳ ಹೊಂದಿಕೊಳ್ಳಬಲ್ಲದು. ದಿನಾ ಕುಣಿಯೋ ನಂಬರಿಗೆ ಹೊಂದಿಕೊಳ್ಳೋದು ಕಷ್ಟ.

ಹಾಗಂತ ಸ್ಥಿರ ಅಂದ್ರೆ ನಿಂತ ನೀರು ಅಂತ ಅಲ್ಲ. ಲಂಡನ್ನಿನ ಹಾರ್ನಿಮನ್ ಮ್ಯೂಸಿಯಂನಲ್ಲಿ ಜೇಮೀ ಕ್ರ್ಯಾಗ್ಸ್ ಮತ್ತು ಸಂಗಡಿಗರು, ತೊಟ್ಟಿಯ ಹವಳಗಳಿಗೆ ಸಮುದ್ರದ ಇಡೀ ವರ್ಷವನ್ನೇ ಕೊಟ್ಟರು. ಋತುವಿಗೆ ತಕ್ಕ ತಾಪಮಾನ, ದಿನದ ಉದ್ದ, ಅಮಾವಾಸ್ಯೆಯಿಂದ ಹುಣ್ಣಿಮೆವರೆಗೆ ಬದಲಾಗೋ ಬೆಳದಿಂಗಳು. ಹವಳಗಳು ತಮ್ಮ ಕಾಲಕ್ಕೆ ಸರಿಯಾಗಿ ಮೊಟ್ಟೆ ಬಿಟ್ಟವು. 2017ರಲ್ಲಿ ಇದು ಪ್ರಕಟವಾಯ್ತು. ಆನಾ ಥಿನ್ ತನ್ನ ಜಾಡಿ ತಂದ ಅದೇ ಊರು. ಸುಮಾರು 170 ವರ್ಷದಲ್ಲಿ ಜಾಡಿ ಸಮುದ್ರದ ಪಂಚಾಂಗ ಕಲಿತಿತ್ತು. ಹವಳ ಬದಲಾವಣೆಗೆ ಹೆದರಲ್ಲ. ಹೇಳದೇ ಬರೋ ಬದಲಾವಣೆಗೆ ಹೆದರುತ್ತೆ.

ಈ ಕಥೆ ಹವ್ಯಾಸದ ಕಥೆಯಾಗಿ ಮುಗಿಯಬಹುದಿತ್ತು. ಆದ್ರೆ 1991ರಲ್ಲಿ ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿ ಎಂಟು ಜನ ಒಂದು ದೈತ್ಯ ಗಾಜಿನ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಬಯೋಸ್ಫಿಯರ್ 2. ಒಳಗೆ ಹೊಲ, ಕಾಡು, ಜೊತೆಗೆ ಲಕ್ಷಾಂತರ ಲೀಟರಿನ ಒಂದು ಸಣ್ಣ ಸಮುದ್ರ, ಅದರಲ್ಲಿ ಹವಳ. ಎರಡು ವರ್ಷ ಅವರು ಒಳಗಿದ್ದರು. ಒಳಗಿನ ಗಾಳಿಯಲ್ಲಿ ಕಾರ್ಬನ್ ಡೈ ಆಕ್ಸೈಡ್ ಏರಿತು, ಅದು ನೀರಿಗೆ ಇಳಿದು ಪಿಎಚ್ ಕುಸಿಯತೊಡಗಿತು. ಹವಳ ಉಳಿಸೋಕೆ ಒಳಗಿದ್ದವರು ನೀರಿಗೆ ಕ್ಷಾರದ ಲವಣ ಹಾಕಬೇಕಾಯ್ತು. ಒಂದೇ ಗಾಜಿನಡಿ ಮನುಷ್ಯರೂ ಹವಳವೂ ಒಂದೇ ಗಾಳಿ ಹಂಚಿಕೊಂಡಾಗ ಏನಾಗುತ್ತೆ ಅನ್ನೋದು ಅಲ್ಲಿ ಕಣ್ಣಿಗೆ ಕಂಡಿತು.

ಆಮೇಲೆ ಅದೇ ಸಮುದ್ರದಲ್ಲಿ ಕ್ರಿಸ್ ಲ್ಯಾಂಗ್ಡನ್ ಮತ್ತು ಜೊತೆಗಾರರು ಬೇಕಂತಲೇ ನೀರಿನ ರಸಾಯನ ಬದಲಿಸಿ ಅಳೆದರು. ಕಾರ್ಬೊನೇಟ್ ಕಡಿಮೆಯಾದ ಹಾಗೆ ಹವಳದ ದಿಬ್ಬ ಕಲ್ಲು ಕಟ್ಟೋದೂ ಕಡಿಮೆಯಾಯ್ತು. 2000ದಲ್ಲಿ ಈ ಫಲಿತಾಂಶ ಪ್ರಕಟವಾಯ್ತು. ತೊಟ್ಟಿ ಸಾಕೋರಿಗೆ ಗೊತ್ತಿದ್ದ ಸಣ್ಣ ಡಬ್ಬದ ಲೆಕ್ಕ, ಈಗ ನಿಜವಾದ ಸಮುದ್ರದ ಪ್ರಶ್ನೆಯಾಯ್ತು.

ಯಾಕಂದ್ರೆ ನಾವು ಎಂಟು ನೂರು ಕೋಟಿ ಜನವೂ ಒಂದು ಗಾಜಿನಡಿ ಇರೋರೇ. ನಾವು ಬಿಡೋ ಕಾರ್ಬನ್ ಡೈ ಆಕ್ಸೈಡಿನಲ್ಲಿ ಸುಮಾರು ಕಾಲು ಭಾಗವನ್ನ ಸಮುದ್ರ ಕುಡಿಯುತ್ತಿದೆ. ಕೈಗಾರಿಕಾ ಯುಗಕ್ಕೆ ಮುಂಚೆ ಸಮುದ್ರದ ಮೇಲ್ಮೈಯ ಸರಾಸರಿ ಪಿಎಚ್ 8.2ರ ಆಸುಪಾಸು ಇತ್ತು, ಈಗ 8.1ರ ಆಸುಪಾಸು. ಬರೀ 0.1 ಅನ್ನಿಸುತ್ತೆ ಅಲ್ವಾ? ಪಿಎಚ್ ಲೆಕ್ಕವೇ ಹಾಗೆ. ಆ 0.1 ಅಂದ್ರೆ ನೀರಿನ ಆಮ್ಲೀಯತೆ ಶೇಕಡ 30ರ ಹತ್ತಿರ ಹೆಚ್ಚಿದೆ ಅಂತ. ಯಾವ ನಿಧಾನವನ್ನ ನಂಬಿ ಹವಳ ಬದುಕಿತ್ತೋ, ಆ ನಿಧಾನವೇ ಹೋಗ್ತಿದೆ. ಇದರ ಮೇಲೆ ಬಿಸಿ ಬೇರೆ. ನೀರು ಕಾದಾಗ ಹವಳ ಮೈಯೊಳಗಿನ ಪಾಚಿಯನ್ನ ಕಳೆದುಕೊಂಡು ಬೆಳ್ಳಗಾಗುತ್ತೆ. ಅದಕ್ಕೆ ಯಾವ ಸುಣ್ಣದ ತಿಳಿಯೂ ಮದ್ದಲ್ಲ.

ಸಮುದ್ರಕ್ಕೇ ಹನಿ ಬಿಟ್ಟರೆ? ಒಂದು ತಂಡ ಅದನ್ನೂ ಮಾಡಿ ನೋಡಿದೆ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಒನ್ ಟ್ರೀ ದ್ವೀಪದಲ್ಲಿ, ರೆಬೆಕಾ ಆಲ್‌ಬ್ರೈಟ್, ಕೆನ್ ಕಾಲ್ಡೇರಾ ಮತ್ತು ಸಂಗಡಿಗರು, ಹವಳದ ಮೇಲೆ ಹರಿಯೋ ನೀರಿಗೆ ಸೋಡಿಯಂ ಹೈಡ್ರಾಕ್ಸೈಡ್ ಸೇರಿಸಿ, ಅದರ ರಸಾಯನವನ್ನ ಕೈಗಾರಿಕಾ ಯುಗದ ಹಿಂದಿನ ಸ್ಥಿತಿಯ ಹತ್ತಿರ ತಂದರು. ಹವಳದ ದಿಬ್ಬ ಕಲ್ಲು ಕಟ್ಟೋ ವೇಗ ಸುಮಾರು ಶೇಕಡ 7ರಷ್ಟು ಏರಿತು. 2016ರಲ್ಲಿ ಈ ವರದಿ ಬಂತು. ಇದನ್ನ ಓದಿದಾಗ ನನಗೆ ಖುಷಿಗಿಂತ ಸಂಕಟವೇ ಜಾಸ್ತಿ ಆಯ್ತು. ಯಾಕಂದ್ರೆ ಇದರ ಇನ್ನೊಂದು ಅರ್ಥ, ನಾವು ಈಗಾಗಲೇ ಅಷ್ಟನ್ನ ಕಿತ್ತುಕೊಂಡಿದ್ದೀವಿ ಅಂತ. ಇಡೀ ಸಮುದ್ರಕ್ಕೆ ಹನಿ ಬಿಡೋಕೆ ಎಷ್ಟು ಸುಣ್ಣ ಬೇಕು? ಅಷ್ಟು ಸುಣ್ಣಕಲ್ಲು ಸುಟ್ಟರೆ, ಆ ಭಟ್ಟಿಯಿಂದಲೇ ಮತ್ತೆ ಕಾರ್ಬನ್ ಡೈ ಆಕ್ಸೈಡ್ ಹೊರಗೆ ಬರುತ್ತೆ. ಸಣ್ಣ ತೊಟ್ಟಿಯ ಮದ್ದನ್ನ ದೊಡ್ಡ ತೊಟ್ಟಿಗೆ ಹಾಗೇ ಹಚ್ಚೋಕಾಗಲ್ಲ.

ಇದನ್ನ ಕೇಳಿ "ನಾನೂ ಮನೇಲಿ ಹವಳ ಸಾಕ್ತೀನಿ" ಅಂತ ಹೊರಟೀರಿ, ಸ್ವಲ್ಪ ತಾಳಿ. ನಮ್ಮ ದೇಶದಲ್ಲಿ ದಿಬ್ಬ ಕಟ್ಟುವ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಶೆಡ್ಯೂಲ್ 1ರಲ್ಲಿವೆ. ಹುಲಿ, ಆನೆ ಇರೋ ಅದೇ ಪಟ್ಟಿ. ಸಮುದ್ರದಿಂದ ಒಂದು ತುಂಡು ಮುರಿದು ತರೋದೂ ಅಪರಾಧ. ನೋಡಬೇಕು ಅಂದ್ರೆ ನೀರಿಗಿಳಿದು ನೋಡಿ. ನಾನು ಮೊದಲ ಸಲ ಜೀವಂತ ಹವಳ ನೋಡಿದ್ದು ನಮ್ಮದೇ ಕರಾವಳಿಯಲ್ಲಿ, ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗೋ ನೇತ್ರಾಣಿ ದ್ವೀಪದ ಹತ್ತಿರ. ಕಂದು ಬಣ್ಣದ, ಕಲ್ಲಿನ ಹಾಗೆ ಕಾಣೋ ಒಂದು ಗುಡ್ಡೆ. ಡೈವಿಂಗ್ ಕಲಿಸೋ ಹುಡುಗ ಸನ್ನೆಯಲ್ಲೇ ಹೇಳಿದ: ಮುಟ್ಟಬೇಡ. ನನ್ನ ಕೈ ತಾನಾಗೇ ಹಿಂದೆ ಹೋಯ್ತು. ಉಜ್ಜಿ ತೊಳೆದ ಕೈ ಅದು, ಅದಕ್ಕೆ ನೆನಪಿತ್ತು ಅನ್ನಿಸುತ್ತೆ.

ಅಮ್ಮನಿಗೆ ಈಗ ಉತ್ತರ ಹೇಳಿದ್ದೀನಿ. "ಚೊಕ್ಕ ಮಾಡಿದ್ದಕ್ಕೇ ಸತ್ತವು ಅಮ್ಮ. ಎಲ್ಲಾ ಒಂದೇ ದಿನ ಬದಲಿಸಿಬಿಟ್ಟೆ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ರು, "ಹೆಪ್ಪು ಹಾಕಿದ ಹಾಲನ್ನೂ ಅಷ್ಟೇ ಕಣೋ, ಅಲುಗಾಡಿಸಬಾರದು."

ನೂರ ಎಪ್ಪತ್ತು ವರ್ಷದ ಇತಿಹಾಸ, ಅಮ್ಮನ ಬಾಯಲ್ಲಿ ಒಂದು ಸಾಲು.